ಮೊದಲನೆಯ ತಡ

ಜನವರಿ 12, ಸೋಮವಾರ

ಹೆರಿಗೆಗೆ ಬರುವ ಮಗಳು ಹೇಮಶ್ರೀಗೆ ಕೋಣೆ ಸಿದ್ಧವಾಯಿತು. ಯೋಗಾನಂದನ ಕಂಪ್ಯೂಟರು, ಕುರ್ಚಿ, ಸಾಲು ಹಿಡಿದು ನಿಂತಿದ್ದ ಗೊಂಬೆಗಳು ಎಲ್ಲವನ್ನೂ ಹಾಲಿಗೆ ಸಾಗಿಸಿದ್ದೇನೆ. ಮಗ ಇಲ್ಲೇ ಅಮೆರಿಕದ ಪಡುವಣ ಕರಾವಳಿಯ ಎಮರಿವಿಲ್‌ನ ಸ್ಟುಡಿಯೋ ಒಂದರಲ್ಲಿ ಕಾರ್ಟೂನು ಸಿನಿಮಾಗಳಿಗೆ ಬೆಳಕು ಕೂರಿಸುವ ಕೆಲಸ ಮಾಡುತ್ತಾನೆ. ಮನೆಯಲ್ಲೂ ಅವನಿಗೆ ಗೊಂಬೆಗಳೇ ಬೇಕು. "ಅಮ್ಮ, ಅವಳು ಬರಕ್ಕೆ ಇನ್ನೂ ನಾಲ್ಕು ದಿನ ಇದೆಯಲ್ಲ" ಅಂದ. ಮೂವತ್ತನಾಲ್ಕು ವರ್ಷ ಮಂಡ್ಯದ ಹಳ್ಳಿಗಳಲ್ಲಿ ಸರ್ಕಾರಿ ನರ್ಸಮ್ಮನಾಗಿ ಹೆರಿಗೆ ಮಾಡಿಸಿದವಳಿಗೆ ದಿನದ ಲೆಕ್ಕ ಹೇಳಿಕೊಡಲು ಬಂದ.

ಆಗೆಲ್ಲ ದಿನಚರಿ ಬರೆದು ತಿಂಗಳ ಕೊನೆಗೆ ಡಾಕ್ಟರ ಸಹಿ ಹಾಕಿಸಬೇಕಿತ್ತು. ರಿಟೈರಾಗಿ ಐದು ವರ್ಷವಾಯಿತು, ಸಹಿ ಹಾಕುವವರಿಲ್ಲ, ಆದರೂ ಕೈ ಸುಮ್ಮನಿರುವುದಿಲ್ಲ.

ಅಮೆರಿಕದ ನೆತ್ತಿಯಲ್ಲಿ ಅಲಾಸ್ಕ, ಆ ಅಲಾಸ್ಕದ ನೆತ್ತಿಯಲ್ಲಿ ಮಗಳ ಊರು. ಅದರ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ನಾನೂರು ಜನ, ಒಂದು ಸ್ಕೂಲು, ಒಂದು ಕ್ಲಿನಿಕ್ಕು. ಊರಿಗೆ ರಸ್ತೆಯೇ ಇಲ್ಲ. ನವೆಂಬರಿನಲ್ಲಿ ಮುಳುಗಿದ ಸೂರ್ಯ ಜನವರಿ ಕೊನೆಗೆ ಬರುತ್ತಾನಂತೆ. ಹೇಮ ಅಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಅಳಿಯ ಗುರುಕಿರಣ್ ಹೆಪ್ಪುಗಟ್ಟಿದ ನೆಲ ವರ್ಷಕ್ಕೆ ಎಷ್ಟು ಕರಗುತ್ತದೆ ಎಂದು ಅಳೆಯುತ್ತಾರೆ. ಅಳೆಯಲು ಬೇರೆ ಏನೂ ಸಿಗಲಿಲ್ಲ ಅವರಿಗೆ.

ಕ್ಲಿನಿಕ್ಕಿನಲ್ಲಿ ಡಾಕ್ಟರಿಲ್ಲ. ಅದಕ್ಕೇ ಆ ಊರಿನ ಬಸುರಿಯರೆಲ್ಲ ಎಂಟು ತಿಂಗಳಾಗುತ್ತಲೇ ವಿಮಾನ ಹತ್ತಿ ದೊಡ್ಡ ಆಸ್ಪತ್ರೆಯಿರುವ ಊರಿಗೆ ಹೋಗಿಬಿಡಬೇಕು. ಹೇಮ ನನ್ನ ಹತ್ತಿರ ಬರುತ್ತಾಳೆ. ನಾನಿರುವ ಕಡೆಯೇ ಅವಳಿಗೆ ತವರು. ಟಿಕೆಟ್ಟು ಹತ್ತನೇ ತಾರೀಕಿಗಿತ್ತು, ಹದಿನಾರಕ್ಕೆ ಹೋಯಿತು. ಒಳ್ಳೆಯದೇ ಆಯಿತು, ಧನುರ್ಮಾಸ ಮುಗಿದು, ಸಂಕ್ರಾಂತಿ ಕಳೆದು, ಶುಕ್ರವಾರದ ದಿನ ಹೆಣ್ಣುಮಗಳು ಮನೆಗೆ ಬಂದಂತಾಗುತ್ತದೆ.

ಹಳೆಯ ವಾಯಿಲ್ ಸೀರೆ ಹರಿದು ಹನ್ನೆರಡು ಬಟ್ಟೆ ಮಾಡಿದೆ. ಬಜೆ, ಜಾಯಿಕಾಯಿ, ಅಂಟು, ಒಣಶುಂಠಿ ಎಲ್ಲ ಡಬ್ಬಿಗೆ ಹಾಕಿದೆ. ಸೊಸೆ ತೇಜಸ್ವಿನಿ ಮೆನ್ಲೋ ಪಾರ್ಕಿನ ಆಫೀಸಿನಿಂದ ಬಂದು ಮೂಗು ಹಿಡಿದುಕೊಂಡು ಕಿಟಕಿ ತೆಗೆದಳು. ತೆಗೆಯಲಿ.

ಜನವರಿ 15, ಗುರುವಾರ

ಹಬ್ಬ. ಮೊಮ್ಮಗಳು ನವ್ಯಾಳ ಕೈಯಲ್ಲಿ ಅಪಾರ್ಟ್‌ಮೆಂಟಿನ ನಾಲ್ಕು ಮನೆಗೆ ಎಳ್ಳು ಬೀರಿಸಿದೆ. ಮೂರನೇ ಮನೆಯವರು ಇದನ್ನು ಹಕ್ಕಿಗೆ ಹಾಕುವುದಾ ಎಂದು ಕೇಳಿದರಂತೆ. ನವ್ಯಾ ಹೂಂ ಅಂದು ಬಂದಿದ್ದಾಳೆ.

ಫೋನಿನಲ್ಲಿ ಹೇಮ ತನ್ನ ಕಿಟಕಿ ತೋರಿಸಿದಳು. ಬೀದಿಯಿಲ್ಲ, ಎದುರು ಮನೆಯಿಲ್ಲ, ಬರೀ ಬಿಳಿ ಹಾರುತ್ತಿದೆ. ನಿನ್ನೆಯಿಂದ ಗಾಳಿ ಎದ್ದಿದೆಯಂತೆ. "ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡಂಗಿದೆ ಅಮ್ಮ" ಅಂದಳು. ಎಡಮಗ್ಗುಲಿಗೆ ಮಲಗು, ಬಿಸಿನೀರು ಕುಡಿ, ಬಗ್ಗಿ ಪೆಟ್ಟಿಗೆ ಎತ್ತಬೇಡ ಅಂದೆ. ಮೂವತ್ತೈದನೇ ವಾರದಲ್ಲಿ ಸೊಂಟ ಹಿಡಿಯದೆ ಇನ್ನೇನು ಹಿಡಿಯುತ್ತದೆ. ನಾಳೆ ಗಾಳಿ ಇಳಿಯಬೇಕು, ಇಳಿಯಲೇಬೇಕು.

ಜನವರಿ 16, ಶುಕ್ರವಾರ

ವಿಮಾನ ಬರಲಿಲ್ಲ. ಒಂಬತ್ತು ಸೀಟಿನ ವಿಮಾನವಂತೆ, ನಮ್ಮ ಟೆಂಪೋಗಿಂತ ಚಿಕ್ಕದು. ಗಾಳಿಗೆ ಹೆದರುವವರು ಆ ಊರಿಗೆ ವಿಮಾನ ಯಾಕೆ ಬಿಡಬೇಕು. ಅಳಿಯನಾದರೂ ಮೊದಲೇ ಯೋಚನೆ ಮಾಡಬೇಡವೇ. ಓದಿದವರಿಗೆ ಬುದ್ಧಿ ಇರುವುದೇ ಒಂದು ಕಡೆ.

ಇಲ್ಲಿ ಬಿಸಿಲು. ಸಂಜೆ ಕೊಲ್ಲಿಯ ದಡದಲ್ಲಿ ನಡೆದೆ. ಜನ ಚಡ್ಡಿ ಹಾಕಿಕೊಂಡು ನಾಯಿ ಹಿಡಿದು ಓಡುತ್ತಿದ್ದರು. ಸಿಟ್ಟು ಬಂದು ಮನೆಗೆ ಬಂದೆ. ಮಾಡಿಟ್ಟ ಹುಳಿಯನ್ನ ಯಾರೂ ತಿನ್ನಲಿಲ್ಲ.

ಜನವರಿ 17, ಶನಿವಾರ

ಇವತ್ತೂ ಇಲ್ಲ. ಸೋಮವಾರದವರೆಗೂ ಇಲ್ಲ ಅನ್ನುತ್ತಿದ್ದಾರೆ.

ಕ್ಲಿನಿಕ್ಕಿನಲ್ಲಿರುವ ಆ ಆಗ್ನೆಸ್ ಎಂಬುವಳ ಜೊತೆ ಮಾತಾಡಿಸು ಎಂದು ಯೋಗಾನಂದನನ್ನು ಇಂಗ್ಲಿಷಿಗೆಂದು ಪಕ್ಕ ಕೂರಿಸಿಕೊಂಡೆ. ಅದೇ ಊರಿನವಳು, ಐವತ್ತೈದು ದಾಟಿರಬೇಕು, ಚಪ್ಪಟೆ ಮುಖ, ಯಾವುದಕ್ಕೂ ಅವಸರವಿಲ್ಲ. ನರ್ಸೂ ಅಲ್ಲವಂತೆ, ತರಬೇತಿ ಕೊಟ್ಟು ಕೂರಿಸಿದ ಆರೋಗ್ಯ ಸಹಾಯಕಿ. ಬಿಪಿ ಎಷ್ಟು, ಕಾಲು ಊದಿದೆಯಾ, ಮಗು ತಲೆ ಕೆಳಗಿದೆಯಾ, ರಕ್ತಸ್ರಾವಕ್ಕೆ ಔಷಧಿ ಏನಿದೆ ಎಂದು ಒಂದೊಂದಾಗಿ ಕೇಳಿದೆ. ಎಲ್ಲಕ್ಕೂ ಉತ್ತರ ಇತ್ತು. ಕೊನೆಗೆ ಎಷ್ಟು ಹೆರಿಗೆ ಮಾಡಿಸಿದ್ದೀ ಅಂದೆ.

"ಹನ್ನೊಂದು. ಹನ್ನೊಂದೂ ಇಂಥ ಗಾಳಿಯಲ್ಲೇ" ಅಂದಳು.

ನಾನು ಸಾವಿರದ ಮೇಲೆ ಮಾಡಿಸಿದ್ದೇನೆ ಎಂದು ಹೇಳು ಅಂದೆ. ಯೋಗಾನಂದ ಹೇಳಿದನೋ ಇಲ್ಲವೋ ಗೊತ್ತಿಲ್ಲ. ಅವಳು ತಲೆ ಅಲ್ಲಾಡಿಸಿ, "ಇಲ್ಲಿರಬೇಕಿತ್ತು ನೀವು" ಅಂದಳು.

ಆಮೇಲೆ ಗುರುಕಿರಣ್ ಫೋನು ತೆಗೆದುಕೊಂಡರು. ದನಿ ಬಿಗಿಯಾಗಿತ್ತು. "ನೋಡಿ ಅತ್ತೆ, ಕ್ಲಿನಿಕ್ಕಿನವರು ಹತ್ತರೊಳಗೆ ಹೊರಡು ಅಂತ ಬಡ್ಕೊಂಡ್ರು. ಸ್ಕೂಲಲ್ಲಿ ಪರೀಕ್ಷೆ ಇದೆ, ಮುಗಿಸಿಕೊಂಡೇ ಹೋಗ್ತೀನಿ ಅಂತ ಇವಳೇ ಹಟ ಮಾಡಿ ಟಿಕೆಟ್ ಮುಂದಕ್ಕೆ ಹಾಕಿದ್ಲು. ನೀವಾದ್ರೂ ಬುದ್ಧಿ ಹೇಳ್ಬಾರದಿತ್ತಾ?"

ಪರೀಕ್ಷೆ ಅಂದಿದ್ದಾಳೆ. ನನ್ನ ಹೆಸರು ಎತ್ತಿಲ್ಲ.

ಹೂಂ ಅಂದೆ. ಗಂಡ ಹೆಂಡಿರ ಮಾತಿನ ನಡುವೆ ನಾನೇಕೆ ಬಾಯಿ ಹಾಕಲಿ. ಈಗ ಯಾರ ತಪ್ಪು ಎಂದು ಹುಡುಕುವ ಹೊತ್ತೂ ಅಲ್ಲ.

ಜನವರಿ 18, ಭಾನುವಾರ

ಅಮಾವಾಸ್ಯೆ. ಗಾಳಿ ಹಾಗೇ ಇದೆ.

ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಕೂತಿದ್ದವಳು ಅರ್ಧಕ್ಕೇ ಎದ್ದೆ. ಬರೆದುಬಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲ.

ಡಿಸೆಂಬರಿನಲ್ಲಿ ಟಿಕೆಟ್ಟು ತೆಗೆದ ದಿನ ಹೇಮ ಫೋನು ಮಾಡಿದಳು. ಹತ್ತನೇ ತಾರೀಕು ಅಂದಳು. ನಾನು, "ಧನುರ್ಮಾಸದಲ್ಲಿ ಚೊಚ್ಚಲ ಬಸುರಿನ ಹೆಣ್ಣುಮಗಳನ್ನ ತವರಿಗೆ ಕರ್ಕೋಬಾರದು ಕಣ್ ಮಗ. ಸಂಕ್ರಾಂತಿ ಕಳ್ಕೊಂಡು ಬಾ" ಅಂದೆ.

"ಕ್ಲಿನಿಕ್ಕಿನೋರು ಹತ್ತು ದಾಟಬೇಡ ಅಂದವ್ರೆ ಅಮ್ಮ."

"ಅವ್ರಿಗಿಂತ ನಂಗೊತ್ತು ಕಣ್ ಸುಮ್ನಿರು" ಅಂದೆ.

ಎರಡು ಸಲ ನಿಲ್ಲದೆ ಹೋದಮೇಲೆ ನಿಂತ ಬಸುರು ಇದು. ಈ ಸಲ ಎಲ್ಲಿಯೂ ಒಂದು ಕೊರತೆ ಇರಬಾರದು ಎಂದು ನನಗೆ. ಅಷ್ಟೇ. ಬೇರೆ ಏನಿತ್ತು ನನ್ನ ಮನಸ್ಸಿನಲ್ಲಿ.

ನಮ್ಮ ತರಬೇತಿಯಲ್ಲಿ ಮೂರು ತಡ ಎಂದು ಕಲಿಸುತ್ತಿದ್ದರು. ಮನೆಯವರು ಕಳಿಸಲು ಮನಸ್ಸು ಮಾಡುವುದರಲ್ಲಿ ಆಗುವುದು ಮೊದಲನೆಯ ತಡ, ದಾರಿಯಲ್ಲಿ ಆಗುವುದು ಎರಡನೆಯದು, ಆಸ್ಪತ್ರೆ ಸೇರಿದ ಮೇಲೆ ಆಗುವುದು ಮೂರನೆಯದು. ಬಾಣಂತಿ ಸತ್ತರೆ ಫಾರಂ ಬರುತ್ತಿತ್ತು, ಯಾವ ತಡ ಎಂದು ಗುರುತು ಹಾಕಬೇಕಿತ್ತು. ನಾನು ಹಾಕುತ್ತಿದ್ದದ್ದು ಹೆಚ್ಚಾಗಿ ಮೊದಲನೆಯದಕ್ಕೇ. ಒಂದು ಮನೆಯಲ್ಲಿ ಅತ್ತೆ, ಶುಕ್ರವಾರ ಮನೆಯ ಹೆಣ್ಣನ್ನು ಹೊರಗೆ ಕಳಿಸುವುದಿಲ್ಲ ಎಂದು ಆಂಬುಲೆನ್ಸನ್ನೇ ವಾಪಸು ಕಳಿಸಿದ್ದಳು. ಅವಳನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಬಾರದ ಮಾತು ಕೇಳಿದ್ದೆ. ಆಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಹತ್ತು, ಹನ್ನೊಂದು, ಹನ್ನೆರಡು, ಮೂರು ದಿನವೂ ಅಲ್ಲಿಗೆ ವಿಮಾನ ಬಂದು ಹೋಗಿದೆ. ಯೋಗಾನಂದನ ಹತ್ತಿರ ಫೋನಿನಲ್ಲಿ ನೋಡಿಸಿದೆ. ಯಾಕೆ ಎಂದು ಅವನು ಕೇಳಲಿಲ್ಲ.

ಜನವರಿ 19, ಸೋಮವಾರ

ಮಧ್ಯಾಹ್ನ ಎರಡೂವರೆ. ಫೋನಿನ ಲೈನು ಹೋಗಿದೆ. ಬರೆಯುತ್ತ ಕೂರುತ್ತೇನೆ.

ಬೆಳಿಗ್ಗೆ ಎಂಟಕ್ಕೆ ಗುರುಕಿರಣ್ ಫೋನು. ನೀರಿನ ಚೀಲ ಒಡೆದಿದೆ. ಆಸ್ಪತ್ರೆ ವಿಮಾನ ಹೊರಟು ಅರ್ಧ ದಾರಿಯಿಂದ ಹಿಂದಕ್ಕೆ ಹೋಯಿತಂತೆ. ಆಗ್ನೆಸ್ ಒಂದು ಫೋನಿನಲ್ಲಿ ದೊಡ್ಡ ಊರಿನ ಡಾಕ್ಟರ ಜೊತೆಗಿದ್ದಳು, ಇನ್ನೊಂದು ಫೋನನ್ನು ಗೋಡೆಗೆ ಒರಗಿಸಿ ನನ್ನನ್ನು ಇಟ್ಟಿದ್ದರು. ಇವತ್ತು ರಜೆ, ಮಗ ಸೊಸೆ ಇಬ್ಬರೂ ಮನೆಯಲ್ಲಿದ್ದರು. ಹಾಲಿನಲ್ಲಿ ಬಿಸಿಲು ಬಿದ್ದಿತ್ತು. ಅಲ್ಲಿ ಹನ್ನೊಂದು ಗಂಟೆಯಾದರೂ ಕಿಟಕಿ ಕಪ್ಪಗಿತ್ತು.

ಆಗ್ನೆಸ್ ಹೇಮಳನ್ನು ಮಂಡಿಯೂರಿಸಿ ಮಂಚದ ಕಂಬಿ ಹಿಡಿಸಿದ್ದಳು. ನಾನು ಎಷ್ಟು ವರ್ಷ ಮಂಚದ ಮೇಲೆ ಮಲಗಿಸಿ ಮಾಡಿಸಿದವಳು. ಮಲಗಿಸಿ, ಎಡಕ್ಕೆ ತಿರುಗಿಸಿ ಎಂದು ಕೂಗಿದೆ. ಹೇಮ ನನ್ನ ಮಾತು ಕೇಳಿ ಮಲಗಲು ಹೋದಳು. ಆಗ್ನೆಸ್ ಎಬ್ಬಿಸಿದಳು. ಮುಕ್ಕಬೇಡ, ಈಗಲೇ ಬಲ ಹಾಕಬೇಡ ಅಂದೆ. ಹೇಮ ಉಸಿರು ಬಿಗಿ ಹಿಡಿದು, ಆಗ್ನೆಸ್ ಮುಖ ಒಮ್ಮೆ ನನ್ನ ಮುಖ ಒಮ್ಮೆ ನೋಡುತ್ತ ಅಳತೊಡಗಿದಳು. ಮೂವತ್ತಮೂರು ವರ್ಷದ ಹೆಂಗಸು, ಸ್ಲೇಟು ಒಡೆದುಕೊಂಡು ಬಂದ ದಿನ ಅತ್ತ ಹಾಗೇ ಅತ್ತಳು.

ಆಗ್ನೆಸ್ ಫೋನಿನ ಹತ್ತಿರ ಬಂದು ಏನೋ ಹೇಳಿದಳು. ಯೋಗಾನಂದನ ತೋಳು ಹಿಡಿದು ಅಲುಗಿಸಿದೆ.

"ಏನಂದ್ರು? ಹೇಳೋ."

"ಅಮ್ಮ, ನೀನು ಮಾತಾಡಬೇಡ ಅಂತಿದಾರೆ. ನೀನು ಹೇಳಿದಾಗೆಲ್ಲ ತಾನು ತಪ್ಪು ಮಾಡ್ತಿದೀನಿ ಅಂತ ಅವಳು ಹೆದರ್ತಿದಾಳಂತೆ. ಮುಖ ತೋರಿಸ್ಕೊಂಡು ಕೂತಿರು, ಸಾಕಂತೆ."

ನಾನು ಹೇಮಳ ಮುಖ ನೋಡಿದೆ. "ಸುಮ್ನೆ ಕೂತ್ಕೊ ಅಮ್ಮ" ಅಂದಳು. ಬೇಡಿಕೊಂಡಳು ಎಂದೇ ಬರೆಯಬೇಕು.

ಸುಮ್ಮನೆ ಕೂತೆ. ನೋವು ಬಂದಾಗ ಅವಳು ಕಂಬಿಗೆ ಹಣೆ ಒತ್ತುತ್ತಿದ್ದಳು. ಆಗ್ನೆಸ್ ಬೆನ್ನ ಹಿಂದೆ ಕೂತು ಸೊಂಟ ಒತ್ತಿ ಹಿಡಿದಿದ್ದಳು. ಹಿಡಿದ ರೀತಿ ಸರಿಯಾಗಿತ್ತು. ಗುರುಕಿರಣ್ ಕೋಣೆಯಲ್ಲಿ ಆಚೆ ಈಚೆ ತಿರುಗುತ್ತಿದ್ದರು. ಬಿಸಿನೀರಿನ ಪಾತ್ರೆ ತಂದಿಡುತ್ತ, "ಹತ್ತಕ್ಕೆ ಹೋಗಿದ್ರೆ ಇದೆಲ್ಲ ಬೇಕಿತ್ತಾ. ನಿನ್ನ ಪರೀಕ್ಷೆಗೆ ಬೆಂಕಿ ಬೀಳ. ಆ ಮಗೂಗೇನಾದ್ರೂ ಆದ್ರೆ ನಾನಂತೂ ಮರೆಯಲ್ಲ ಹೇಮ" ಅಂದರು. ಹೆದರಿದ ಗಂಡಸಿನ ಮಾತು. ಹೇಮ ತಲೆ ಎತ್ತಿ ಫೋನಿನ ಕಡೆ ನೋಡಿದಳು. ನನ್ನನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ನಾನು ಏನೂ ಹೇಳಲಿಲ್ಲ. ಮಾತಾಡಬೇಡ ಎಂದಿದ್ದರಲ್ಲ.

ಎರಡು ಗಂಟೆ ಹತ್ತು ನಿಮಿಷಕ್ಕೆ ಲೈನು ಹೋಯಿತು.

ಮೂರೂಕಾಲು. ಇಲ್ಲ. ಯೋಗಾನಂದ ಸ್ಕೂಲಿಗೆ, ಕ್ಲಿನಿಕ್ಕಿಗೆ, ವಿಮಾನದವರಿಗೆ ಫೋನು ಮಾಡುತ್ತಲೇ ಇದ್ದಾನೆ. ತೇಜಸ್ವಿನಿ ಕಾಫಿ ಮಾಡಿಟ್ಟಳು. ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು, ಈ ಹುಡುಗಿಗೆ ಇಷ್ಟು ಮೆತ್ತಗಿನ ಕೈ ಇದೆ ಎಂದು ಗೊತ್ತಿರಲಿಲ್ಲ.

ನಾಲ್ಕೂ ಇಪ್ಪತ್ತು. ಗುರುಕಿರಣ್ ಮೆಸೇಜು ಬಂತು. ಹೆಣ್ಣು. ಅತ್ತಿತು. ಹೇಮಗೆ ರಕ್ತ ನಿಲ್ಲುತ್ತಿಲ್ಲ.

ನಾಲ್ಕೂ ಐವತ್ತು. ಮಗುವಿನ ಹಿಂದೆ ಮಾಸು ಬಿದ್ದಿದೆಯಾ ಎಂದು ಮೆಸೇಜು ಕಳಿಸಿದೆವು. ಹೋಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವವರೆಗೂ ತಿಕ್ಕಬೇಕು, ಬಿಡಬಾರದು, ಕೈ ಸೋತರೂ ಬಿಡಬಾರದು. ಆ ಆಗ್ನೆಸ್‌ಗೆ ಗೊತ್ತಿರುತ್ತದೆಯೇ. "ಅಜ್ಜಿ, ವಾಟ್ ಆರ್ ಯು ಡೂಯಿಂಗ್?" ಎಂದು ನವ್ಯಾ ಕೇಳಿದಾಗ ನೋಡಿದೆ, ಸೋಫಾದ ದಿಂಬನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಿದ್ದೆ. ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಬಂದಿತ್ತು.

ನನ್ನ ಮಗಳನ್ನು ಉಳಿಸಿಕೊಡಿ. ಯಾರಿಗೆ ಬರೆಯುತ್ತಿದ್ದೇನೆ ಗೊತ್ತಿಲ್ಲ.

ಜನವರಿ 20, ಮಂಗಳವಾರ

ಇದ್ದಾಳೆ. ಮಗುವೂ ಇದೆ.

ಆಗ್ನೆಸ್ ಅವರು ನಲವತ್ತು ನಿಮಿಷ ಕೈ ತೆಗೆಯಲಿಲ್ಲವಂತೆ. ಈಗ ಮಗುವನ್ನು ಹೇಮಳ ಎದೆಗೆ ಬರೀ ಮೈಗೆ ಮೈ ತಾಕುವಂತೆ ಕಟ್ಟಿ, ಮೇಲೆ ತಮ್ಮ ತುಪ್ಪಳದ ಕೋಟು ಹೊದಿಸಿದ್ದಾರೆ. ಮಗುವಿನ ತುಟಿ ಆಗಾಗ ನೀಲಿಯಾಗುತ್ತಿದೆ. ವಿಮಾನ ಇನ್ನೂ ಇಲ್ಲ.

ಜನವರಿ 21, ಬುಧವಾರ

ಗಾಳಿ ಇಳಿಯಿತು. ಹನ್ನೊಂದಕ್ಕೆ ವಿಮಾನ ಬಂತು. ತಾಯಿ ಮಗುವಿಗಷ್ಟೇ ಜಾಗ. ಗುರುಕಿರಣ್ ನಾಳೆ ಹೋಗುತ್ತಾರೆ.

ಆಂಕರೇಜ್ ಎಂಬ ಊರಿನ ಆಸ್ಪತ್ರೆ. ಹೇಮಗೆ ರಕ್ತ ಕೊಡುತ್ತಿದ್ದಾರೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೂಗಿಗೆ ಕೊಳವೆ ಹಾಕಿದ್ದಾರೆ. ಒಂದು ಕಿಲೋ ಒಂಬೈನೂರು ಗ್ರಾಂ. ಯೋಗಾನಂದ ನನಗೆ ಮುಂದಿನ ಮಂಗಳವಾರಕ್ಕೆ ಟಿಕೆಟ್ಟು ತೆಗೆದ.

ಜನವರಿ 24, ಶನಿವಾರ

ಗುರುಕಿರಣ್ ಬೆಳಿಗ್ಗೆ ಫೋನು ಮಾಡಿದರು. ಮಗು ಪರವಾಗಿಲ್ಲ ಅಂದರು. ಆಮೇಲೆ, "ಇವಳು ಊಟ ಮುಟ್ತಿಲ್ಲ ಅತ್ತೆ. ಪೆಟ್ಟಿಗೆ ಹತ್ರ ಕೂರಿಸಿದ್ರೆ ಗಾಜಿಗೆ ಕೈಯಿಟ್ಟು ಸಾರಿ ಸಾರಿ ಅಂತಾಳೆ. ನೀವು ಬಂದು ಸ್ವಲ್ಪ ಹೇಳಿ. ನಾನೂ ಕೋಪದಲ್ಲಿ ಏನೇನೋ ಅಂದ್ಬಿಟ್ಟಿದೀನಿ, ಈಗ ನಾನು ಹೇಳಿದ್ರೆ ಕೇಳಲ್ಲ" ಅಂದರು.

ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಹೇಳಿಬಿಟ್ಟೆ.

"ಟಿಕೆಟ್ ಮುಂದಕ್ಕೆ ಹಾಕ್ಸಿದ್ದು ನಾನು. ಧನುರ್ಮಾಸ ಕಳೀಲಿ ಅಂತ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ನನ್ನ ಹೆಸರು ಬರಬಾರದು ಅಂತ ಅವಳು ಹಂಗಂದಿದ್ದು."

ಆ ಕಡೆ ಆಸ್ಪತ್ರೆಯ ಯಂತ್ರವೊಂದು ಕೂಗುವುದು ಕೇಳುತ್ತಿತ್ತು.

"ನೋವು ತಿನ್ತಿದ್ದೋಳಿಗೆ ನಾನು ಏನಂದೆ ಅಂತ ನೀವು ಕೇಳಿಸ್ಕೊಂಡ್ರಿ" ಅಂದರು. "ಫೋನಲ್ಲೇ ಇದ್ರಿ ಅತ್ತೆ."

"ಇದ್ದೆ."

"ಆಗ ಯಾಕೆ ಹೇಳ್ಲಿಲ್ಲ?"

ಹೆದರಿದೆ ಎಂದು ಬರೆದರೆ ಅರ್ಧ ಮಾತ್ರ ನಿಜ. ಅಷ್ಟು ವರ್ಷ ಊರವರಿಗೆಲ್ಲ ಹೇಳಿದವಳು ಅಳಿಯನ ಮುಂದೆ, ಪಕ್ಕದಲ್ಲಿದ್ದ ಮಗನ ಮುಂದೆ ಸಣ್ಣವಳಾಗಲು ಒಪ್ಪಲಿಲ್ಲ. ಮಗಳು ಸಣ್ಣವಳಾಗಲಿ ಎಂದು ಬಿಟ್ಟೆ.

"ನೀವು ಮಂಗಳವಾರ ಬರೋದು ಬೇಡ. ನಾನು ಹೇಳೋವರ್ಗೂ ಬರಬೇಡಿ" ಅಂದರು. ದನಿ ಏರಿಸಲಿಲ್ಲ. ಇಡ್ತೀನಿ ಅತ್ತೆ ಎಂದು ಹೇಳಿಯೇ ಇಟ್ಟರು.

ಯೋಗಾನಂದ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ. ಒಳಗೆ ಬಂದು ಒಂದು ಲೋಟ ನೀರು ಕೊಟ್ಟು ಹೋದ.

ಜನವರಿ 26, ಸೋಮವಾರ

ಹೇಮ ಫೋನು ಮಾಡಿದಳು. ದನಿ ಬಾವಿಯೊಳಗಿಂದ ಬಂದಂತಿತ್ತು.

"ಯಾಕಮ್ಮ ಹೇಳ್ದೆ? ನಾನು ಹೆಂಗೋ ಮ್ಯಾನೇಜ್ ಮಾಡ್ತಿದ್ದೆ."

"ನೋಡಕ್ಕಾಗ್ಲಿಲ್ಲ ಮಗ."

"ಕಿರಣ್ ಹೊರಗೋಗಿ ತುಂಬ ಹೊತ್ತು ಬರ್ಲಿಲ್ಲ. ಬಂದು ನನ್ನ ಕಾಲತ್ರ ಕೂತ್ಕೊಂಡು ಅತ್ರು" ಅಂದಳು. "ನಿನ್ನ ಮೇಲೆ ಕೋಪ ಅದೆ ಅವರಿಗೆ."

"ಇರ್ಲಿ. ನಿಂಗೆ?"

ಮಗು ಹನಿ ಹಾಲು ನುಂಗಿತು ಎಂದು ಬೇರೆ ಮಾತು ತೆಗೆದಳು. ಆಗ್ನೆಸ್ ಅವರ ತಂಗಿ ಆಂಕರೇಜಿನಲ್ಲೇ ಇದ್ದಾರಂತೆ, ದಿನಾ ಮೀನಿನ ಸಾರು ತಂದು ಎದುರಿಗೆ ಕೂತು ಕುಡಿಸುತ್ತಾರಂತೆ. ನಿನ್ನೆ ಪೂರ್ತಿ ಕುಡಿದೆ ಅಂದಳು.

"ಬಿಸಿ ಇತ್ತಾ?" ಅಂದೆ.

"ಇತ್ತು."

ಜನವರಿ 29, ಗುರುವಾರ

ಮೂಗಿನ ಕೊಳವೆ ತೆಗೆದಿದ್ದಾರೆ. ಐವತ್ತು ಗ್ರಾಂ ಏರಿದೆಯಂತೆ. ತೇಜಸ್ವಿನಿಗೆ ಫೋಟೋ ಬಂದಿದೆ, ಅವಳು ತೋರಿಸಿದಳು. ಮಗುವಿನ ಮೂಗು ಅದರಪ್ಪನದು.

ಹೆಸರೇನು ಎಂದು ನಾನು ಕೇಳಿಲ್ಲ.

ಯಾವತ್ತು ಬರಲಿ ಎಂದು ನಿನ್ನೆ ಹೇಮಳಿಗೆ ಮೆಸೇಜು ಹಾಕಿಸಿದ್ದೆ. ಕಿರಣ್‌ನ ಕೇಳಿ ಹೇಳ್ತೀನಿ ಎಂದು ಬಂತು. ಇವತ್ತು ಅಲ್ಲಿ ಆಕಾಶ ತಿಳಿಯಾಗಿದೆಯಂತೆ. ಇಲ್ಲಿಂದ ದಿನಾ ವಿಮಾನ ಇದೆ, ಯೋಗಾನಂದ ನೋಡಿದ್ದಾನೆ. ನಾಳೆಯದೂ ಇದೆ, ನಾಡಿದ್ದಿನದೂ ಇದೆ. ಸೂಟ್‌ಕೇಸು ಕಟ್ಟಿಟ್ಟಿದ್ದೇನೆ. ದಿನ ಅವರು ಹೇಳಬೇಕು.